ಗಲಾಟೆಯ ಕೂಲಿ

ಗಲಾಟೆ ಮಾಡುವುದಕ್ಕೆ ಕೂಲಿ ಕೊಡುತ್ತಾರೆ ಎಂದು ಶಿವರಾಜು ಕೇರಿಗೆ ಬಂದು ಹೇಳಿದಾಗ ಅಂಕಮ್ಮ ನಂಬಲಿಲ್ಲ.

ಅವನು ಬೈಕಿನಿಂದ ಇಳಿಯಲಿಲ್ಲ. ಕೇರಿಗೆ ಬಂದಾಗ ಅವನು ಇಳಿಯುವುದಿಲ್ಲ. ಒಂದು ಕಾಲನ್ನು ನೆಲಕ್ಕೆ ಊರಿ, ಇಂಜಿನ್ನು ಆರಿಸದೆ ಮಾತಾಡುತ್ತಾನೆ. ಕರಿಯರೆಯ ಗೌಡರ ಮನೆಯವನು. ಅಂಕಮ್ಮನ ಮಗಳಿಗಿಂತ ಚಿಕ್ಕವನು. ಕ್ಯಾಂಪಿಗೆ ಆಳು ಒದಗಿಸುವ ಗುತ್ತಿಗೆ ಅವನದು.

"ಲೇ ಅಂಕಿ, ನಾಳಿಕ್ಕೆ ಜನ ಬೇಕು. ಎಂಗಸ್ರು ಗಂಡಸ್ರು ಎಲ್ಲ ಬನ್ನಿ."

"ಏನ್ ಕೆಲ್ಸ ಗೌಡ್ರೇ? ಹುಲ್ಲು ಕೀಳದಾ?"

"ಹುಲ್ಲೂ ಇಲ್ಲ ಗಿಲ್ಲೂ ಇಲ್ಲ. ಕೂಗಾಡದು. ಒಸಿ ಮಣ್ಣೆಂಟೆ ಎಸ್ಯದು. ಅವ್ರು ಲಾಠಿ ಇಡ್ಕೊಂಡು ಬತ್ತಾರೆ, ನೀವು ಓಡೋಗದು. ಅಷ್ಟೇಯ."

"ಯಾರ ಮ್ಯಾಲೆ ಎಸ್ಯದು?"

"ಕಾಕಿಯೋರ ಮ್ಯಾಲೆ. ಹೊಸದಾಗಿ ಸೇರಿರೋ ಐಕ್ಳು. ಜನ ದಂಗೆ ಎದ್ರೆ ಎಂಗೆ ಅಡಗಿಸ್ಬೇಕು ಅಂತ ಕಲಿಸ್ತಾರಂತೆ. ದಂಗೆ ಏಳಾಕೆ ಜನ ಬೇಕಲ್ಲ. ಮಧ್ಯಾಹ್ನದ ಊಟ ಅಲ್ಲೇಯ."

ಪಕ್ಕದ ಮನೆಯ ಜಗುಲಿಯಲ್ಲಿ ಕೂತಿದ್ದ ಪುಟ್ಟಮಾದಯ್ಯ ನಕ್ಕ. ಎಪ್ಪತ್ತು ದಾಟಿದ ಮುದುಕ. "ಇದೊಂದು ಬಾಕಿ ಇತ್ತು ಕನವ್ವ" ಅಂದ.

ಮಳವಳ್ಳಿಯಿಂದ ಶಿವನಸಮುದ್ರದ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಕರಿಯರೆ ಕ್ಯಾಂಪು ಎಡಕ್ಕೆ ಕಾಣುತ್ತದೆ. ಒಂದು ದೊಡ್ಡ ಕಪ್ಪು ಬಂಡೆ, ಅದರ ಬುಡದಿಂದ ಹರಡಿದ ಬಯಲು, ಬಯಲಿನ ಸುತ್ತ ಮುಳ್ಳುತಂತಿ. ಆ ಬಯಲಿನಲ್ಲೇ ಮೊದಲು ಕೇರಿ ಇತ್ತು. ಅಂಕಮ್ಮನ ಅತ್ತೆ ಚಲುವಮ್ಮ ಅಲ್ಲೇ ಹುಟ್ಟಿದವಳು. ಅವಳಿನ್ನೂ ಲಂಗ ಉಡುತ್ತಿದ್ದಾಗ ಬಿಳಿಯರ ಯುದ್ಧ ಬಂತು. ಬಯಲು ಬೇಕು ಅಂದರು. ಯುದ್ಧ ಮುಗಿಯುವವರೆಗೆ ಆಚೆ ಇರಿ ಅಂದರು. ಕೇರಿಯವರು ಸೂರಿನ ಬೊಂಬು, ಗರಿ ಬಿಚ್ಚಿಕೊಂಡು, ಒಲೆಯ ಕಲ್ಲು ಹೊತ್ತುಕೊಂಡು ರಸ್ತೆ ದಾಟಿದರು. ಸತ್ತವರನ್ನು ಹೊತ್ತುಕೊಂಡು ದಾಟಲು ಆಗಲಿಲ್ಲ. ಹೊಂಗೆ ಮರದ ಸುತ್ತ ಅವರ ಮಸಣ ಅಲ್ಲೇ ಉಳಿಯಿತು.

ಯುದ್ಧ ಮುಗಿಯಿತು. ಕ್ಯಾಂಪು ಮುಗಿಯಲಿಲ್ಲ. ಅಂಚಿನಲ್ಲಿದ್ದ ಗೌಡರ ಹೊಲಗಳನ್ನು ವಾಪಸ್ಸು ಕೊಟ್ಟರು. ಕೇರಿಗೆ ಕೊಡಲಿಲ್ಲ.

ಮೊದಲು ಬಿಳಿಯರ ಸೈನ್ಯ ಅಲ್ಲಿ ಲಾರಿ ಓಡಿಸುವುದು ಕಲಿಯಿತು. ಆಮೇಲೆ ನಮ್ಮ ಸೈನ್ಯ ಗುಂಡು ಹೊಡೆಯುವುದು ಕಲಿಯಿತು. ನಡುವೆ ಕೆಲವು ವರ್ಷ ಯಾರೂ ಇಲ್ಲದೆ ಬಯಲು ಬೀಳು ಬಿತ್ತು. ಆಗಲೂ ಕಾವಲು ಇತ್ತು. ಬೇಸಿಗೆಯಲ್ಲಿ ಕಾಲೇಜು ಮಕ್ಕಳು ಕವಾಯತಿಗೆ ಬಂದರು. ಸಿನಿಮಾದವರು ಬಂದು ಹುಸಿ ಯುದ್ಧ ಮಾಡಿ ಹೋದರು. ಸೈನ್ಯಕ್ಕೆ ಸೇರುವ ಹುಡುಗರನ್ನು ಓಡಿಸಿ ಆರಿಸಿದರು. ಕೊರೋನಾ ಬಂದಾಗ ಬೊಂಬಾಯಿಯಿಂದ ವಾಪಸ್ಸಾದವರನ್ನು ಅದರ ಶೆಡ್ಡುಗಳಲ್ಲಿ ಕೂಡಿಟ್ಟರು. ಈಗ ಕಾಕಿಯವರಿಗೆ ತರಬೇತಿಗೆ ಕೊಟ್ಟಿದ್ದಾರೆ.

ಕ್ಯಾಂಪಿನ ಉಪಯೋಗ ಬದಲಾಗುತ್ತಾ ಬಂತು. ಕೇರಿಯ ಉಪಯೋಗ ಬದಲಾಗಲಿಲ್ಲ. ಚಲುವಮ್ಮನ ತಾಯಿ ಅಲ್ಲಿ ಜಲ್ಲಿ ಹೊತ್ತಳು. ಚಲುವಮ್ಮ ಕಕ್ಕಸು ತೊಳೆದಳು. ಅಂಕಮ್ಮ ಗುಂಡು ಬಂದು ಹೂತುಕೊಳ್ಳುವ ಮಣ್ಣುದಿಬ್ಬ ಕೆದಕಿ ಸೀಸ ಆರಿಸಿದಳು. ಬರಿಗೈಯಲ್ಲಿ. ಉಗುರಿನ ಸಂದಿ ಕಪ್ಪಾಯಿತು. ಅದೇ ಕೈಯಲ್ಲಿ ಮುದ್ದೆ ಕಟ್ಟಿದಳು. ಕೊರೋನಾದಲ್ಲಿ ಯಾರೂ ಹತ್ತಿರ ಸುಳಿಯದ ಹಾಸಿಗೆಗಳನ್ನು ಎತ್ತಿದಳು. ಆಗ ಶಿವರಾಜು ಗೇಟಿನ ಆಚೆಯೇ ನಿಂತು ಕೈ ತೋರಿಸಿ ಕೆಲಸ ಹೇಳುತ್ತಿದ್ದ.

ಅವಳ ಗಂಡ ಕೆಂಪಸಿದ್ದಯ್ಯನ ಕೆಲಸ ಗುಂಡಿಯೊಳಗೆ. ಗುಂಡಿಯ ಮೇಲೆ ಗುರಿಯ ಹಲಗೆ ನಿಲ್ಲುತ್ತಿತ್ತು. ಅವನ ನೆತ್ತಿಯ ಮೇಲೆ ಗುಂಡು ಹಾರುತ್ತಿದ್ದವು. ಗುಂಡು ನಿಂತ ಕೂಡಲೇ ಹಲಗೆ ಇಳಿಸಬೇಕು. ತೂತಿಗೆ ಕಾಗದ ಅಂಟಿಸಬೇಕು. ಮತ್ತೆ ಏರಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ಹೀಗೇ ಅವನ ವಯಸ್ಸು ಕಳೆಯಿತು. ಕಿವಿಗೆ ಹತ್ತಿ ಇಟ್ಟುಕೊಳ್ಳಲು ಯಾರೂ ಹೇಳಲಿಲ್ಲ. ನಲವತ್ತಕ್ಕೆ ಅವನ ಕಿವಿ ಹೋಯಿತು. ಆಮೇಲೆ ಎದೆಯೂ ಕೆಟ್ಟಿತು. ಈಗ ಗೋಡೆಗೆ ಒರಗಿ ಕೂತು ಉಸಿರು ಎಳೆಯುವುದೇ ಅವನಿಗೆ ಕೆಲಸ.

ಮಾರನೆಯ ದಿನ ಅಂಕಮ್ಮ ಹೋದಳು. ಕೇರಿಯೇ ಹೋಯಿತು.

ಬಯಲಿನ ನಡುವೆ ತಗಡಿನ ಬೀದಿಯೊಂದನ್ನು ಕಟ್ಟಿದ್ದರು. ಮುಂದುಗಡೆ ಮಾತ್ರ ಅಂಗಡಿ, ಹಿಂದೆ ಬರೀ ಗಳ. ಒಂದರ ಮೇಲೆ ಬೇಕರಿ ಅಂತ ಬರೆದಿತ್ತು, ಇನ್ನೊಂದರ ಮೇಲೆ ಬ್ಯಾಂಕು. "ಇಲ್ಲೇ ಕನವ್ವ ನಮ್ಮಪ್ಪನ ಗುಡ್ಲು ಇದ್ದದ್ದು" ಎಂದು ಪುಟ್ಟಮಾದಯ್ಯ ಬ್ಯಾಂಕಿನ ತಗಡನ್ನು ತೋರಿಸಿದ. ಕ್ಯಾಂಪಿನ ಸಾಹೇಬ ಬಂದ. ಅಚ್ಚುಕಟ್ಟಾದ ಮನುಷ್ಯ. ಗದರಿ ಮಾತಾಡುವವನಲ್ಲ.

"ನೀವೆಲ್ಲ ದಂಗೆಯ ಜನ. ಜೋರಾಗಿ ಕೂಗಬೇಕು. ನಾನು ಸೀಟಿ ಊದಿದಾಗ ಓಡಬೇಕು."

"ಏನಂತ ಕೂಗ್ಬೇಕು ಸಾ?"

"ಏನಾದರೂ. ಮಂಡ್ಯದವರಿಗೆ ಹೇಳಿಕೊಡಬೇಕೇ? ನೀರು ಬೇಕು ಅನ್ನಿ."

"ನೀರ್ ಕೇಳಾಕೆ ನಮ್ಗೆ ಗದ್ದೆ ಎಲ್ಲದೆ ಸಾ?" ಅಂದ ಪುಟ್ಟಮಾದಯ್ಯ. ಸಾಹೇಬ ಆಗಲೇ ಆಚೆ ತಿರುಗಿದ್ದ.

ನೀರು ಬೇಕು ಎಂದು ಕೂಗಿದರು. ಮೊದಲು ನಾಚಿಕೆಯಾಯಿತು. ಆಮೇಲೆ ಗಂಟಲು ಬಿಚ್ಚಿತು. ಕಾಕಿಯವರ ಮೇಲೆ ಮಣ್ಣುಹೆಂಟೆ ಎಸೆಯುವಾಗ ಅಂಕಮ್ಮನಿಗೆ ಒಳಗೆಲ್ಲೋ ಹಿತವೂ ಆಯಿತು. ಅಷ್ಟರಲ್ಲಿ ಸೀಟಿ ಊದಿತು. ಹೊಗೆಯ ಡಬ್ಬ ಬಂದು ಬಿತ್ತು. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಲಾಠಿಯ ಏಟು ನೆಲಕ್ಕೇ ಬೀಳಬೇಕು ಎಂದು ತರಬೇತಿಯವರಿಗೆ ಹೇಳಿದ್ದರಂತೆ. ಓಡಲಾಗದೆ ಮುಗ್ಗರಿಸಿದ ಅಂಕಮ್ಮನ ತೊಡೆಯ ಮೇಲೆ ಒಂದು ಬಿತ್ತು. ಹೊಡೆದ ಹುಡುಗ "ಸಾರಿ ಅಮ್ಮ" ಅಂದು ಮುಂದಿನವರ ಹಿಂದೆ ಓಡಿದ.

ಊಟಕ್ಕೆ ಬಿಸಿಲಿನಲ್ಲಿ ಕೂರಿಸಿದರು. ನೆರಳಿನ ಶೆಡ್ಡು ತರಬೇತಿಯವರಿಗೆ. ಶಿವರಾಜುವಿನ ಮನೆಯ ಕಡೆಯವನು ಬಡಿಸಿದ. ಎಲೆಗೆ ಸೌಟು ತಾಗದ ಹಾಗೆ ಮೇಲಿನಿಂದ ಅನ್ನ ಉದುರಿಸಿದ. ನೀರನ್ನು ಬೊಗಸೆಗೆ ಸುರಿದ. ಎಡಗಡೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಹೊಂಗೆ ಮರ ನಿಂತಿತ್ತು. ಅದರ ಬುಡದಲ್ಲಿ ಚಲುವಮ್ಮ ಮಲಗಿದ್ದಳು. ಅವಳು ಸತ್ತಾಗ ತಂತಿ ಸಡಿಲವಿತ್ತು, ಕಾವಲಿನವನು ಮುಖ ತಿರುಗಿಸಿಕೊಂಡಿದ್ದ. ಅವಳ ನಂತರ ಯಾರ ಹೆಣವನ್ನೂ ಒಳಗೆ ಬಿಟ್ಟಿಲ್ಲ. ಕೇರಿಯ ಹೆಣಗಳೆಲ್ಲ ಹಳ್ಳದ ದಂಡೆಗೆ.

ಆ ಸಂಜೆ ಕೆಂಪಸಿದ್ದಯ್ಯ ಹೆಂಡತಿ ಕುಂಟುವುದನ್ನು ನೋಡಿದ. ಸೀರೆ ಸರಿಸಿ ತೊಡೆಯ ಮೇಲಿನ ಬಾಸುಂಡೆ ನೋಡಿದ. ತನ್ನ ದನಿ ತನಗೇ ಕೇಳದವನು ಜೋರಾಗಿ ಮಾತಾಡುತ್ತಾನೆ.

"ಆ ತಾವಿಕ್ಕೆ ಓಗಿದ್ಯಾ? ಮರ ಅದಾ?"

ಅದೆ ಎಂದು ತಲೆಯಾಡಿಸಿದಳು.

"ನನ್ನ ಅಳ್ಳಕ್ಕೆ ಆಕ್ಬ್ಯಾಡ. ನಮ್ಮವ್ವನ ಪಕ್ಕ ಆಕು."

ಅವನು ಎರಡು ಸಲ ಹೇಳಿದ. ಪಕ್ಕದ ಮನೆಗಳಿಗೂ ಕೇಳಿಸಿತು.

ಭಾದ್ರಪದ ಕಳೆಯುವ ಮೊದಲೇ ಅವನು ಸತ್ತ. ಬೆಳಗ್ಗೆ ಕಾಫಿ ಕೊಡಲು ಹೋದಾಗ ಗೋಡೆಗೆ ಒರಗಿದ ಹಾಗೇ ಇದ್ದ. ಮಗಳು ಮೋಹಿನಿ ಮದ್ದೂರಿನ ಗಾರ್ಮೆಂಟ್ಸಿನಿಂದ ಓಡಿ ಬಂದಳು. ಅಪ್ಪನ ಮಾತು ಅವಳಿಗೂ ಗೊತ್ತಿತ್ತು. ಹಿಂದೆ ಮಸಣಕ್ಕಾಗಿ ಅವಳೇ ಅಲೆದಿದ್ದಳು. ತಾಲ್ಲೂಕು ಆಫೀಸಿನಲ್ಲಿ ಅದು ಮಿಲಿಟರಿ ಜಾಗ, ಅವರನ್ನು ಕೇಳಿ ಅಂದಿದ್ದರು. ಗೇಟಿನಲ್ಲಿ ತಾಲ್ಲೂಕು ಆಫೀಸನ್ನು ಕೇಳಿ ಅಂದಿದ್ದರು.

ಚಟ್ಟ ಹೊತ್ತುಕೊಂಡು ಕ್ಯಾಂಪಿನ ಗೇಟಿಗೆ ಹೋದರು. ಮುಂದೆ ತಮಟೆ. ಪಹರೆಯವನು ಗೇಟು ಎಳೆದುಕೊಂಡ. ಸಾಹೇಬ ಜೀಪಿನಲ್ಲಿ ಬಂದ. ಇಳಿದು ಟೋಪಿ ತೆಗೆದ. ಅವನಿಗೆ ಸಾವಿನ ಮರ್ಯಾದೆ ಗೊತ್ತಿತ್ತು.

"ಇದು ರಕ್ಷಣಾ ಇಲಾಖೆಗೆ ಸೇರಿದ ಜಾಗ. ನನ್ನ ಕೈಯಲ್ಲಿ ಏನೂ ಇಲ್ಲ. ದಯವಿಟ್ಟು ಇಲ್ಲಿ ಗಲಾಟೆ ಮಾಡಬೇಡಿ."

"ನಾವು ಗಲಾಟೆ ಮಾಡ್ತಾ ಇಲ್ಲ ಸಾರ್" ಅಂದಳು ಮೋಹಿನಿ. "ನಮ್ಮಪ್ಪ ನಿಮ್ಮ ಕ್ಯಾಂಪಿಗೆ ಕಿವಿ ಕೊಟ್ಟವ್ನೆ. ಮೂರು ಮೊಳ ಮಣ್ಣು ಕೇಳ್ತಾ ಇದೀವಿ."

ಸಾಹೇಬ ನೆಲ ನೋಡಿದ. ಗೇಟಿನ ಬದಿಯಲ್ಲಿ ನಿಂತಿದ್ದ ಶಿವರಾಜು ಮುಂದೆ ಬಂದ. ಅಂಕಮ್ಮನ ಹತ್ತಿರ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದ. "ನಾಳಿಕ್ಕೆ ಕೆಲ್ಸ ಬ್ಯಾಡ್ವಾ ಕೇರಿಗೆ? ಎಣ ಎತ್ಕೊಂಡು ಓಗು. ಬಿಸ್ಲು ಏರ್ತಾ ಅದೆ."

ಬಿಸಿಲು ಏರುತ್ತಿತ್ತು. ಚಟ್ಟದ ಮೇಲಿನ ಹೂವು ಬಾಡಿತ್ತು. ಹೊತ್ತವರು ಹೆಗಲು ಬದಲಾಯಿಸುತ್ತಿದ್ದರು. ನೊಣ ಬಂದಿದ್ದವು. ಅಂಕಮ್ಮ ನೊಣವನ್ನು ನೋಡಿದಳು. ಕೇರಿಯ ಮುಖಗಳನ್ನು ನೋಡಿದಳು.

"ಎತ್ರಪ್ಪ. ಅಳ್ಳಕ್ಕೇ ಓಗವ" ಅಂದಳು.

ಮೋಹಿನಿ ತಾಯಿಯ ಕಡೆ ತಿರುಗಿದಳು. ಆಮೇಲೆ ಚಟ್ಟದ ಹಿಂದೆ ನಡೆದಳು. 

ಹಳ್ಳದ ದಂಡೆಯಲ್ಲಿ ಗುಣಿ ತೋಡಿದರು. ಮೂರನೇ ದಿನ ಹಾಲುತುಪ್ಪ ಬಿಟ್ಟರು. ಅದಾಗಿ ಸ್ವಲ್ಪ ದಿನಕ್ಕೆ ಮಳೆ ಹಿಡಿಯಿತು. ಹಳ್ಳ ತುಂಬಿ ದಂಡೆಯನ್ನು ಕೊರೆಯಿತು. ದನ ಮೇಯಿಸುವವನೊಬ್ಬ ಬಂದು ಹೇಳಿದ ಮೇಲೆ ಅಂಕಮ್ಮ ಓಡಿದಳು. ಮಣ್ಣು ಅರ್ಧ ಜಾರಿತ್ತು. ಬಿಳಿ ಬಟ್ಟೆಯ ಅಂಚು ಹೊರಗೆ ಬಂದು ಕೆಂಪು ನೀರಿನಲ್ಲಿ ಅಲುಗಾಡುತ್ತಿತ್ತು.

ಕೇರಿಯ ಗಂಡಸರು ಬಾಯಿಗೆ ಟವೆಲು ಕಟ್ಟಿಕೊಂಡು ಅವನನ್ನು ಎತ್ತಿದರು. ಮೇಲುಗಡೆ, ರಸ್ತೆಯ ಅಂಚಿನಲ್ಲಿ ಮತ್ತೆ ಹೂತರು. ಎರಡನೇ ಸಲ ಯಾರೂ ತಮಟೆ ಬಡಿಯಲಿಲ್ಲ. ಅಂಕಮ್ಮ ಅಳಲಿಲ್ಲ.  ಮನೆಗೆ ಬಂದು ಎಷ್ಟು ತೊಳೆದರೂ ಕೈಯ ಮಣ್ಣು ಹೋಗಲಿಲ್ಲ. ಮೋಹಿನಿ ನೀರು ಹೊಯ್ಯುತ್ತಾ ನಿಂತಿದ್ದಳು.

"ಬುಡವ್ವ, ಸಾಕು" ಅಂದಳು.

"ಗೇಟ್ ತಾವ ನಾನು ಎತ್ತಿ ಅನ್ಬಾರ್ದಿತ್ತು ಕನಮ್ಮಿ."

ಮೋಹಿನಿ ಚೊಂಬು ಕೆಳಗಿಟ್ಟು ತಾಯಿಯ ಒದ್ದೆ ಕೈಯನ್ನು ತನ್ನ ವೇಲಿನಲ್ಲಿ ಒರೆಸಿದಳು.

ಮಳೆ ನಿಂತ ವಾರ ಶಿವರಾಜು ಮತ್ತೆ ಬಂದ. ಬೈಕಿನ ಮೇಲಿಂದಲೇ, ಮತ್ತೆ ದಂಗೆಗೆ ಜನ ಬೇಕು ಅಂದ. ಅಂಕಮ್ಮ ಬರುತ್ತೇನೆ ಅಂದಳು.

ಗೇಟು ತೆಗೆದಿತ್ತು. ಪಹರೆಯವನು ಕೇರಿಯವರನ್ನು ಎಣಿಸಿ ಒಳಗೆ ಬಿಟ್ಟ. ಹೆಣ ಹೊತ್ತು ಬಂದಾಗ ಮುಚ್ಚಿದ ಗೇಟು. ದಂಗೆ ಏಳಲು ಬಂದರೆ ತೆರೆದುಕೊಂಡಿತು. ಅಂಕಮ್ಮ ತಗಡಿನ ಬೀದಿಯ ತನಕ ಎಲ್ಲರ ಜೊತೆ ನಡೆದಳು. ನೀರು ಬೇಕು ಎಂದು ಕೂಗು ಶುರುವಾಯಿತು. ಅವಳು ಕೂಗಲಿಲ್ಲ. ಸೀಟಿ ಊದಿತು. ಹೊಗೆ ಬಂತು. ಎಲ್ಲರೂ ರಸ್ತೆಯ ಕಡೆ ಓಡಿದರು. ಅವಳು ಎಡಕ್ಕೆ ತಿರುಗಿ, ಕಣ್ಣು ಒರೆಸಿಕೊಳ್ಳುತ್ತಾ, ಓಡದೆ, ನಡೆದು ಹೋಗಿ ಹೊಂಗೆ ಮರದ ಬುಡದಲ್ಲಿ ಕೂತಳು.

"ನಮ್ ಮಸ್ಣ ನಮ್ಗೆ ಕೊಡಿ" ಅಂದಳು.

ಮೊದಲು ಮೆಲ್ಲಗೆ. ಆಮೇಲೆ ಕೂಗಿದಳು. ಗಂಡನ ಹಾಗೆ, ಕಿವುಡರಿಗೆ ಕೂಗುವ ಹಾಗೆ. ನಮ್ ಮಸ್ಣ ನಮ್ಗೆ ಕೊಡಿ.

ಸಾಹೇಬ ಅತ್ತ ನೋಡಿದ. ಅವನ ಮುಖ ಅರಳಿತು. ತರಬೇತಿಯವರನ್ನೆಲ್ಲ ಕರೆದು ಮರದ ಸುತ್ತ ನಿಲ್ಲಿಸಿದ.

"ನೋಡಿ, ನಿಜವಾದ ಪ್ರತಿಭಟನೆಯಲ್ಲಿ ಎಲ್ಲರೂ ಓಡುವುದಿಲ್ಲ. ಹೀಗೆ ಕೂತುಬಿಡುತ್ತಾರೆ. ಕೂತ ಹೆಂಗಸನ್ನು ಎತ್ತುವುದು ಹೇಗೆ? ಹೆಣ್ಣುಮಕ್ಕಳು ನಾಲ್ವರು ಬನ್ನಿ. ಇಬ್ಬರು ಕಂಕುಳಿಗೆ, ಇಬ್ಬರು ಮಂಡಿಗೆ. ಸೀರೆ ಜಾರದ ಹಾಗೆ ನೋಡಿಕೊಳ್ಳಿ."

ನಾಲ್ವರು ಬಂದು ಎತ್ತಿದರು. ಅಂಕಮ್ಮನ ಮೈ ನೆಲ ಬಿಟ್ಟಿತು. ತಲೆ ಹಿಂದಕ್ಕೆ ಜೋತಿತು. ಆಕಾಶ ಕಾಣಿಸಿತು. ಚಟ್ಟದ ಮೇಲಿನವರಿಗೆ ಹೀಗೇ ಕಾಣಿಸಬೇಕು ಅಂದುಕೊಂಡಳು. ಬಯಲಿನ ನಡುವೆ ಇಳಿಸಿದರು. ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ವಾಪಸ್ಸು ಹೋಗಿ ಮರದ ಬುಡದಲ್ಲಿ ಕೂತಳು.

"ಭೇಷ್" ಅಂದ ಸಾಹೇಬ. "ಇನ್ನೊಮ್ಮೆ. ಬೇರೆ ನಾಲ್ವರು."

ಮತ್ತೆ ಎತ್ತಿದರು. ಮತ್ತೆ ಬಂದು ಕೂತಳು. ಅವಳ ಕಂಕುಳು ಉರಿಯತೊಡಗಿತು. ರವಿಕೆ ಹರಿಯಿತು. ಯಾರದೋ ಉಗುರು ತಾಗಿ ತೋಳಿನಲ್ಲಿ ರಕ್ತ ಬಂತು. ಎತ್ತಲು ಬಂದವರಲ್ಲಿ ಒಬ್ಬ ಹುಡುಗಿ ಕಿವಿಯ ಹತ್ತಿರ ಹೇಳಿದಳು.

"ಏಳಮ್ಮೋ, ಸಾಕು. ನಮ್ಗೂ ಸುಸ್ತಾಯ್ತದೆ."

ಮಾತು ಈ ಕಡೆಯದು. ಅಂಕಮ್ಮ ಅವಳ ಮುಖ ನೋಡಿದಳು. "ಯಾವೂರವ್ವ ನಿಂದು?"

"ಮದ್ದೂರ್ ತಾವ."

"ಈ ಮರದ ಕೆಳಗೆ ನಮ್ಮತ್ತೆ ಅವ್ಳೆ. ನನ್ ಗಂಡನ್ನ ಎರಡು ಸಲ ಊತೀವಿ, ಅಳ್ಳದ ದಂಡೇಲಿ ಒಂದ್ಸಲ, ರಸ್ತೆ ಪಕ್ಕ ಒಂದ್ಸಲ. ನಾನು ಆಟ ಆಡ್ತಿಲ್ಲ ಕನವ್ವ."

ಹುಡುಗಿಯ ಕೈ ಸಡಿಲವಾಯಿತು. ಮಂಡಿ ಹಿಡಿದಿದ್ದವಳು "ಎತ್ತೇ" ಎಂದು ಗದರಿದಳು. ಹುಡುಗಿ ಸಾಹೇಬನ ಕಡೆ ನೋಡಿದಳು. ಆಮೇಲೆ ಬಿಗಿಯಾಗಿ ಹಿಡಿದು ಎತ್ತಿದಳು. ಎತ್ತುವಾಗ ಅವಳ ಕಣ್ಣಿನಲ್ಲಿ ನೀರಿತ್ತು. ಹೊಗೆಗೋ ಏನೋ.

ಓಡಿ ಹೋಗಿದ್ದ ಜನ ವಾಪಸ್ಸು ಬಂದು ದೂರದಲ್ಲಿ ನಿಂತಿದ್ದರು. ಪುಟ್ಟಮಾದಯ್ಯ ಗುಂಪು ಬಿಟ್ಟು ಬಂದ. ಮೊಣಕಾಲು ಹಿಡಿದುಕೊಂಡು, ನರಳುತ್ತಾ, ಅಂಕಮ್ಮನ ಪಕ್ಕ ಕೂತ. ಆಗ ಸಾಹೇಬನಿಗೆ ಅನುಮಾನ ಬಂತು.

"ಆಯಿತು, ತರಬೇತಿ ಮುಗಿಯಿತು. ಏಳಿ."

ಇಬ್ಬರೂ ಏಳಲಿಲ್ಲ.

"ಶಿವರಾಜು, ಇವರಿಗೆ ಕೂಲಿ ಕೊಟ್ಟು ಕಳಿಸು."

ಶಿವರಾಜು ಓಡಿ ಬಂದು ನೋಟು ಚಾಚಿದ. ಅಂಕಮ್ಮ ಅದನ್ನು ಮುಟ್ಟಲಿಲ್ಲ.

"ನಾನು ಕೂಲಿಗೆ ಕೂತಿಲ್ಲ ಕಣ್ಲಾ" ಅಂದಳು.

ಲಾ ಅಂದಿದ್ದಳು. ಗೌಡರ ಮನೆಯವನಿಗೆ. ಅವಳ ಬಾಯಿಂದ ಅದು ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಶಿವರಾಜು ಕೈ ಎತ್ತಿದ. ಸಾಹೇಬ ತಡೆದ. ಅಷ್ಟು ಜನ ನೋಡುತ್ತಿದ್ದರು. ಈ ಸಲ ಎತ್ತಲು ಗಂಡಸರು ಬಂದರು. ಕಂಕುಳು, ಮಂಡಿ, ಸೀರೆ ಅಂತ ಯಾರೂ ಹೇಳಲಿಲ್ಲ. ನೆಲದ ಮೇಲೆ ಎಳೆದುಕೊಂಡು ಹೋಗಿ ಇಬ್ಬರನ್ನೂ ಗೇಟಿನ ಆಚೆ ಹಾಕಿದರು. ಪುಟ್ಟಮಾದಯ್ಯನ ಹಲ್ಲು ಮುರಿಯಿತು.

ಕೇರಿಗೆ ಕೆಲಸ ನಿಂತಿತು. ಹುಲ್ಲು ಕೀಳಲೂ ಕರೆಯಲಿಲ್ಲ. ಬೋರಿನ ಹತ್ತಿರ ನೀರು ಹಿಡಿಯುವಾಗ ಹೆಂಗಸರು ಅಂಕಮ್ಮನ ಕೊಡಕ್ಕೆ ಜಾಗ ಬಿಡಲಿಲ್ಲ. "ನಿನ್ ಗಂಡ ಒಬ್ನೇ ಸತ್ನೇ? ಬದುಕಿರೋರ ಅನ್ನಕ್ಕೆ ಮಣ್ಣಾಕ್ದೆ" ಅಂದಳು ಒಬ್ಬಳು. ಅವಳ ಮಗುವನ್ನೂ ಹಳ್ಳದ ದಂಡೆಯಲ್ಲೇ ಹೂತಿದ್ದರು. ಅಂಕಮ್ಮ ಎಲ್ಲರ ಕೊಡ ತುಂಬುವವರೆಗೆ ಕಾದಳು. ಮೋಹಿನಿ ಮಾತ್ರ ರಾತ್ರಿಯ ಪಾಳಿಯನ್ನೂ ಒಪ್ಪಿಕೊಂಡು ಮನೆ ನಡೆಸಿದಳು. ಪುಟ್ಟಮಾದಯ್ಯ ಮುದ್ದೆಯನ್ನು ಸಾರಿನಲ್ಲಿ ಕಲಸಿ ಕುಡಿಯುವುದನ್ನು ಕಲಿತ.

ಕಬ್ಬು ಕಡಿಯುವ ದಿನಗಳು. ಒಂದು ಬೆಳಗ್ಗೆ ಅಂಕಮ್ಮ ಸೌದೆ ಆರಿಸಿಕೊಂಡು ರಸ್ತೆಯಲ್ಲಿ ಬರುತ್ತಿದ್ದಳು. ತಂತಿಯ ಒಳಗಿಂದ ಕೂಗು ಕೇಳಿಸಿತು. ನಿಂತಳು.

"ನಮ್ಮ ಮಸಣ ನಮಗೆ ಕೊಡಿ."

ನೂರು ಬಾಯಿ ಒಟ್ಟಿಗೆ. ಹೊರೆ ಕೆಳಗೆ ಹಾಕಿ ತಂತಿಯ ಹತ್ತಿರ ಓಡಿದಳು. ಕೇರಿಯವರೇ ಎದ್ದರೇನೋ ಅಂದುಕೊಂಡಳು. ಕೇರಿಯವರಲ್ಲ. ಗೇಟಿನ ಹತ್ತಿರ ಎರಡು ಟೆಂಪೋ ನಿಂತಿದ್ದವು. ಗುರುತಿಲ್ಲದ ಮುಖಗಳು. ಶಿವರಾಜು ಮುಂದೆ ನಿಂತು ಕೈ ಎತ್ತಿ ಹೇಳಿಕೊಡುತ್ತಿದ್ದ. ಅವನು ಒಮ್ಮೆ ಕೂಗುತ್ತಿದ್ದ, ಅವರು ಒಮ್ಮೆ. ನೀರು ಬೇಕು ಅನ್ನುವುದಕ್ಕಿಂತ ಇದು ನಿಜದ ಹಾಗೆ ಕೇಳಿಸುತ್ತದೆ ಎಂದು ಸಾಹೇಬನಿಗೆ ಅನಿಸಿರಬೇಕು. ಮಾತಿನ ಮಧ್ಯೆ ಕೆಲವರು ನಗುತ್ತಿದ್ದರು.

ಅಂಕಮ್ಮ ತಂತಿಯ ಕಂಬ ಹಿಡಿದು ನಿಂತಳು. ಮಸಣ ಹೋಯಿತು. ಗಂಡ ಹೋದ. ಈಗ ಮಾತೂ ಹೋಯಿತು.

ಎಲೆಯಡಿಕೆ ಉಗಿಯಲು ಒಬ್ಬ ಹೆಂಗಸು ತಂತಿಯ ಹತ್ತಿರ ಬಂದಳು. ಅಂಕಮ್ಮನಷ್ಟೇ ವಯಸ್ಸು.

"ಎಲ್ಲಿಂದ ಬಂದ್ರವ್ವ?" ಅಂಕಮ್ಮ ಕೇಳಿದಳು.

"ಶಿಂಷಾ ಹೊಳೆ ಕಡೆಯೋರು. ಕೂಗಾಕೆ ಕರ್ಕೊಬಂದವ್ರೆ."

"ಏನ್ ಕೂಗ್ತಾ ಇದೀರಿ ಅಂತ ಗೊತ್ತಾ?"

"ಅವ್ರು ಹೇಳ್ದಂಗೆ." ಹೆಂಗಸು ಬಾಯಿ ಒರೆಸಿಕೊಂಡಳು.  "ಆದ್ರೆ ಕೂಗೋವಾಗ ಒಂಥರಾ ಆಯ್ತದೆ ಕನವ್ವ. ನಮ್ಮೂರಾಗೂ ಮಸ್ಣ ಇಲ್ಲ. ಹೊಳೆ ಮರಳಾಗೆ ಊಳ್ತೀವಿ. ಮರಳು ತೋಡೋರು ಬಂದ್ರೆ ಎಲ್ಲ ಓಯ್ತದೆ."

"ಅದು ನನ್ ಮಾತು" ಅಂದಳು ಅಂಕಮ್ಮ. ಹೊಂಗೆ ಮರದ ಕಡೆ ಕೈ ತೋರಿಸಿದಳು. ಅದರ ಕೆಳಗೆ ಯಾರಿದ್ದಾರೆ ಎಂದು ಹೇಳಿದಳು. ಕೂತದ್ದು, ಎತ್ತಿದ್ದು, ಎಳೆದು ಹಾಕಿದ್ದು ಹೇಳಿದಳು. ಹೆಂಗಸು ಮರವನ್ನು ನೋಡಿದಳು.

"ನಮ್ಗೂ ಸೀಟಿ ಊದ್ದಾಗ ಓಡಿ ಅಂದವ್ರೆ" ಅಂದಳು.

ಶಿವರಾಜು ಆ ಕಡೆಯಿಂದ ಕೂಗಿ ಕರೆದ. ಹೆಂಗಸು ಹೋದಳು. ಕೂಗು ಮತ್ತೆ ಎದ್ದಿತು. ಹೆಂಟೆಗಳು ಹಾರಿದವು. ಸೀಟಿ ಊದಿತು. ಹೊಗೆ ಬಯಲನ್ನು ಮುಚ್ಚಿತು. ಗಾಳಿ ಅದನ್ನು ತಂತಿಯವರೆಗೂ ತಂದಿತು. ಅಂಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡೇ ನಿಂತಳು. ಹೊಗೆಯೊಳಗಿಂದ ಜನ ಓಡಿ ಹೊರಬಂದರು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಹೆಂಗಸು ಬರಲಿಲ್ಲ.

ಹೊಗೆ ತೆಳುವಾಯಿತು. ಹೊಂಗೆ ಮರದ ಬುಡದಲ್ಲಿ ಅವಳು ಕೂತಿದ್ದಳು. ಒಬ್ಬಳೇ. ಕಾಲು ಮಡಚಿಕೊಂಡು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು. ಎತ್ತಲು ನಾಲ್ವರು ಅವಳ ಕಡೆ ನಡೆಯುತ್ತಿದ್ದರು.

ತಂತಿಯ ಈಚೆ, ರಸ್ತೆಯ ಮಣ್ಣಿನಲ್ಲಿ, ಅಂಕಮ್ಮ ಕೂತಳು.